ಹಸಿವು ಮೀನಿನದಾ, ನೋಡುವವರದಾ?

ಮನೆಗೆ ಬಂದವರು ಟ್ಯಾಂಕ್ ಮುಂದೆ ನಿಂತು ಕೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ಇದಕ್ಕೆ ಜೀವ ಇರೋ ಮೀನು ಹಾಕ್ತೀರಾ?" ಇಲ್ಲ ಅಂದರೆ ಮುಖ ಸಪ್ಪಗಾಗುತ್ತದೆ. ಎರೆಹುಳು, ಸಿಗಡಿ ಚೂರು, ಪೆಲೆಟ್ (ಅಂಗಡಿಯಲ್ಲಿ ಸಿಗುವ ಒಣ ಕಾಳಿನಂಥ ಮೀನಿನ ಊಟ) ಅಂತ ಹೇಳಿ ಮುಗಿಸುವಷ್ಟರಲ್ಲಿ ಅವರ ಗಮನ ಬೇರೆ ಕಡೆ ಹೋಗಿರುತ್ತದೆ. ಕೆಲವರು ಬಾಯಿಬಿಟ್ಟೇ ಹೇಳುತ್ತಾರೆ, "ಬೇಟೆ ಆಡೋ ಮೀನು ಅಲ್ವಾ, ಅದರ ಗುಣಕ್ಕೆ ತಕ್ಕ ಹಾಗೆ ತಿನ್ನೋಕೆ ಬಿಡಿ." ಈ ಮಾತು ನನ್ನನ್ನು ಕಾಡುತ್ತಲೇ ಇದೆ. ಮೀನಿನ ಮೇಲಿನ ಕನಿಕರದಿಂದ ಬಂದ ಮಾತಾದರೆ ಕೇಳಲೇಬೇಕು. ಆದರೆ ಹೀಗೆ ಹೇಳಿದ ಯಾರೂ ಅದಕ್ಕೆ ಈಗ ಹಸಿವಿದೆಯಾ, ಬೆಳಿಗ್ಗೆ ಏನು ತಿಂದಿದೆ, ನೀರು ಹೇಗಿದೆ ಅಂತ ಕೇಳಿದ್ದಿಲ್ಲ. ಅವರಿಗೆ ಬೇಕಾಗಿರುವುದು ದೊಡ್ಡ ಮೀನು ಬಾಯಿ ತೆರೆದಾಗ ಗಪ್ಪಿ ಅನ್ನುವ ಪುಟ್ಟ ಮೀನು ಮಾಯವಾಗುವ ಆ ಒಂದು ಗಳಿಗೆ. ಅದನ್ನು ಫೋನಿನಲ್ಲಿ ಹಿಡಿದುಕೊಂಡರೆ ಆಯಿತು.

ನಾನು ಸಾಕುತ್ತಿರುವುದು ಆಸ್ಕರ್. ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಮೀನು. ಅಂಗಡಿಯಲ್ಲಿ ಎರಡಿಂಚಿನ ಮರಿಯಾಗಿ ಸಿಗುತ್ತದೆ, ಸರಿಯಾಗಿ ನೋಡಿಕೊಂಡರೆ ಒಂದಡಿ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಊಟ ಹಾಕುವವರ ಗುರುತು ಹಿಡಿಯುತ್ತದೆ. ನಾನು ಕೋಣೆಗೆ ಕಾಲಿಟ್ಟರೆ ಸಾಕು, ಗಾಜಿಗೆ ಮೂತಿ ಒತ್ತಿ, ಮೈಯೆಲ್ಲ ಅಲ್ಲಾಡಿಸಿ, ಉಪವಾಸ ಬಿದ್ದಿರುವ ಹಾಗೆ ನಿಲ್ಲುತ್ತದೆ. ತಿಂದು ಅರ್ಧ ಗಂಟೆ ಆಗಿದ್ದರೂ ಅಷ್ಟೇ. ಬೇಟೆ ಮೀನುಗಳ ಮರಿಗಳೆಲ್ಲ ಹೀಗೇ. ಹೊಳೆಯಲ್ಲಿ ಮುಂದಿನ ಊಟ ಯಾವಾಗ ಅಂತ ಗೊತ್ತಿಲ್ಲದ ಜೀವ ಅದು, ಸಿಕ್ಕಾಗ ತಿಂದುಬಿಡಬೇಕು. ಟ್ಯಾಂಕ್‌ನಲ್ಲಿ ಸಿಗುತ್ತಲೇ ಇರುತ್ತದೆ. ಹಾಗಾಗಿ ಮರಿಯ ಮುಖ ನೋಡಿ ಊಟ ಹಾಕಲು ಆಗುವುದಿಲ್ಲ. ನೋಡುವವರ ಮುಖ ನೋಡಿ ಹಾಕುವುದಂತೂ ಬೇಡವೇ ಬೇಡ. ಮರಿಯ ಹೊಟ್ಟೆ, ಟ್ಯಾಂಕಿನ ನೀರು, ಆ ದಿನದ ಚಳಿ, ಇಷ್ಟನ್ನು ನೋಡಿ ಹಾಕಬೇಕು. ಕೊಡಗಿನಲ್ಲಿ ಈ ಮೂರೂ ಬೇರೆ ಊರಿನವರು ಹೇಳಿಕೊಡುವ ಲೆಕ್ಕಕ್ಕೆ ಸಿಗುವುದಿಲ್ಲ.

ಕಿತ್ತಳೆ ಬಣ್ಣದ ಹೊಟ್ಟೆ

ಈಗ ನನ್ನಲ್ಲಿರುವ ಮೀನುಗಳು ಅಂಗಡಿಯಿಂದ ತಂದವಲ್ಲ. ಮೈಸೂರಿನ ಗೆಳೆಯನ ಮನೆಯಲ್ಲಿ ಆಸ್ಕರ್ ಜೋಡಿ ಕಲ್ಲಿನ ಮೇಲೆ ಮೊಟ್ಟೆ ಇಟ್ಟಿತ್ತು. ಒಂದು ಸಲಕ್ಕೆ ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡುವ ಮೀನು ಇದು. ಗಂಡು ಹೆಣ್ಣು ಎರಡೂ ಪಕ್ಕದಲ್ಲೇ ನಿಂತು, ರೆಕ್ಕೆಯಿಂದ ನೀರು ಬೀಸುತ್ತಾ ಕಾಯುತ್ತವೆ. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಆಮೇಲೂ ಕೆಲವು ದಿನ ಮರಿಗಳು ಈಜುವುದಿಲ್ಲ. ತಳದಲ್ಲಿ ಬಿದ್ದು ಬಾಲ ಅಲ್ಲಾಡಿಸುತ್ತಾ, ಹೊಟ್ಟೆಗೆ ಅಂಟಿಕೊಂಡ ಹಳದಿ ಭಾಗವನ್ನೇ ಕರಗಿಸಿಕೊಂಡು ಬದುಕುತ್ತವೆ. ಆಗ ಏನನ್ನೂ ಹಾಕಬಾರದು. ಹಾಕಿದ್ದು ಕೊಳೆತು ನೀರು ಕೆಡುತ್ತದೆ, ಅಷ್ಟೇ. ಹಳದಿ ಕರಗಿ, ಮರಿ ತಾನಾಗಿ ಮೇಲೆದ್ದು ಈಜಿದ ದಿನವೇ ಮೊದಲ ಊಟದ ದಿನ. ಗೆಳೆಯ ನನಗೆ ಕೊಟ್ಟಿದ್ದು ಈಜು ಕಲಿತ ಮರಿಗಳನ್ನು. ಆಕ್ಸಿಜನ್ ತುಂಬಿದ ಕವರ್‌ನಲ್ಲಿ ಹಾಕಿ, ಕವರ್‌ಗೆ ಟವೆಲ್ ಸುತ್ತಿ, ಹುಣಸೂರು ತಿತಿಮತಿ ದಾರಿಯಲ್ಲಿ ಗೋಣಿಕೊಪ್ಪಕ್ಕೆ ಬಸ್ಸಿನಲ್ಲಿ ತಂದೆ. ಕವರ್ ಮಡಿಲಲ್ಲೇ ಇತ್ತು.

ಇಷ್ಟು ಸಣ್ಣ ಮರಿಗೆ ಸರಿಯಾದ ಊಟ ಅಂದರೆ ಆಗ ತಾನೇ ಮೊಟ್ಟೆಯೊಡೆದ ಆರ್ಟೀಮಿಯ. ಉಪ್ಪುನೀರಿನ ಸರೋವರಗಳಲ್ಲಿ ಬೆಳೆಯುವ ಪುಟ್ಟ ಸಿಗಡಿ ಜಾತಿಯ ಜೀವಿ ಇದು. ಒಣಗಿದ ಮೊಟ್ಟೆ ಡಬ್ಬಿಯಲ್ಲಿ ಸಿಗುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಕಲ್ಲುಪ್ಪು, ಅರ್ಧ ಚಮಚ ಮೊಟ್ಟೆ, ತಳದಿಂದ ಗಾಳಿ, ಮೇಲೊಂದು ಬಲ್ಬು. ಒಂದು ದಿನದಲ್ಲಿ ಮರಿಯಾಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಆ ಒಂದು ದಿನ 27, 28 ಡಿಗ್ರಿ ಇರುವ ಊರಿನ ಲೆಕ್ಕ. ಡಿಸೆಂಬರ್‌ನಲ್ಲಿ ನಮ್ಮ ಮನೆಯ ಮೂಲೆಯಲ್ಲಿಟ್ಟ ನೀರು ಕೈಗೆ ಕೊರೆಯುತ್ತದೆ. ಅದರಲ್ಲಿ ಎರಡು ದಿನ ಕಾದರೂ ಅರ್ಧಕ್ಕರ್ಧ ಮೊಟ್ಟೆ ಹಾಗೇ ಉಳಿಯುತ್ತದೆ. ಅದಕ್ಕೆ ನಾನು ಬಾಟಲಿಯನ್ನು ಬಚ್ಚಲ ಒಲೆಯ ಪಕ್ಕದ ಗೋಡೆಗೆ ತಲೆಕೆಳಗಾಗಿ ಕಟ್ಟಿದೆ. ಕೊಡಗಿನ ಮನೆಗಳಲ್ಲಿ ಹಂಡೆಯ ಕೆಳಗೆ ಬೆಂಕಿ ಆರುವುದು ಕಡಿಮೆ. ಕಾಫಿ ಮರದ ಕೊರಡು ರಾತ್ರಿಯಿಡೀ ಕೆಂಡವಾಗಿ ಉಳಿದಿರುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಬಾಟಲಿಯ ನೀರಿಗೆ ಕಿತ್ತಳೆ ಬಣ್ಣ ಬಂದಿತ್ತು. ಆ ಬಣ್ಣ ನಿಂತಲ್ಲಿ ನಿಲ್ಲದೆ ಸಣ್ಣಗೆ ನಡುಗುತ್ತಿತ್ತು. ಗಾಳಿ ನಿಲ್ಲಿಸಿ, ಒಂದು ಪಕ್ಕಕ್ಕೆ ಟಾರ್ಚ್ ಹಿಡಿದರೆ ಜೀವ ಇರುವವೆಲ್ಲ ಬೆಳಕಿನ ಕಡೆ ಬರುತ್ತವೆ, ಖಾಲಿ ಸಿಪ್ಪೆ ಮೇಲೆ ತೇಲುತ್ತದೆ. ಜೀವ ಇರುವುದನ್ನು ಮಾತ್ರ ಎಳೆದು, ತೆಳು ಬಟ್ಟೆಯಲ್ಲಿ ಸೋಸಿ, ಉಪ್ಪು ಹೋಗುವ ಹಾಗೆ ತೊಳೆದು ಮರಿಗಳಿಗೆ ಕೊಡಬೇಕು. ಅದೂ ಬೇಗ ಕೊಡಬೇಕು. ಹೊತ್ತಾದಷ್ಟೂ ಆರ್ಟೀಮಿಯ ತನ್ನೊಳಗಿನ ಕೊಬ್ಬನ್ನು ತಾನೇ ಖರ್ಚು ಮಾಡಿಕೊಂಡು ಸೊರಗುತ್ತದೆ, ಮೀನಿನ ಮರಿಗೆ ಸಿಗುವ ಸತ್ವ ಕಡಿಮೆಯಾಗುತ್ತದೆ.

ಮೊದಲ ಸಲ ಹಾಕಿದಾಗ ಗಾಜಿಗೆ ಮೂಗು ತಾಗಿಸಿಕೊಂಡು ನೋಡಿದೆ. ಮರಿ ಒಂದು ಸೆಂಟಿಮೀಟರ್ ಕೂಡ ಇರಲಿಲ್ಲ. ಆದರೆ ನಡವಳಿಕೆ ಆಗಲೇ ದೊಡ್ಡ ಮೀನಿನದು. ಆರ್ಟೀಮಿಯ ಕಣ್ಣೆದುರು ಬಂದರೆ ಮೊದಲು ನಿಲ್ಲುತ್ತದೆ. ಬಾಲ ಒಂದು ಕಡೆ ಬಾಗುತ್ತದೆ. ಎರಡೂ ಕಣ್ಣು ಮುಂದಕ್ಕೆ ತಿರುಗುತ್ತವೆ. ಆಮೇಲೆ ಚಿಮ್ಮುತ್ತದೆ. ಗುರಿ ತಪ್ಪಿದರೆ ಹಿಂದೆ ಸರಿದು ಮತ್ತೆ ನಿಲ್ಲುತ್ತದೆ. ಐದು ನಿಮಿಷದಲ್ಲಿ ಚರ್ಮದ ಒಳಗಿನಿಂದ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿತು, ಹತ್ತು ನಿಮಿಷದಲ್ಲಿ ಗುಂಡಗಾಯಿತು. ಮರಿಗೆ ಊಟ ಸಾಕಾಯಿತಾ ಅಂತ ಹೊರಗಿನಿಂದಲೇ ಕಾಣುವುದು ಈ ಕೆಲವೇ ದಿನ. ಆಮೇಲೆ ಮೈಗೆ ಬಣ್ಣ ಬರುತ್ತದೆ, ಚರ್ಮ ದಪ್ಪವಾಗುತ್ತದೆ, ಒಳಗಿನದು ಕಾಣುವುದಿಲ್ಲ. ಹಾಗಾಗಿ ಕಾಣುವಾಗಲೇ ಕಲಿತುಬಿಡಬೇಕು. ಹೊಟ್ಟೆ ಗುಂಡಗಾದ ಮೇಲೂ ಅವು ಚಿಮ್ಮುವುದನ್ನು ಬಿಡಲಿಲ್ಲ. ತುಂಬಿದ ಹೊಟ್ಟೆಯ ಮೇಲೇ ಹಿಡಿದು ನುಂಗುತ್ತಿದ್ದವು. ಬೇಟೆ ಮೀನಿನ ಹುಮ್ಮಸ್ಸು ನೋಡಿ ಹಸಿವು ಅಳೆಯಬಾರದು ಅಂತ ನನಗೆ ಖಾತ್ರಿಯಾಗಿದ್ದು ಅಲ್ಲೇ. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಸ್ವಲ್ಪ ಸ್ವಲ್ಪ ಕೊಡುವುದು, ಹೊಟ್ಟೆ ಇಳಿದ ಮೇಲೆಯೇ ಮುಂದಿನದು ಅಂತ ಮಾಡಿಕೊಂಡೆ.

ಗದ್ದೆಯ ಕೆಂಪು ಗುಂಪು

ಬೇಟೆ ಮೀನಿನ ಮರಿ ಹುಟ್ಟಿದ ದಿನದಿಂದ ಮೀನನ್ನೇ ತಿನ್ನುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ನಮ್ಮ ಗದ್ದೆ ಕೆರೆಗಳಲ್ಲೇ ಇರುವ ಕೊರವ ಮೀನನ್ನು ನೋಡಿದವರು ಹಾಗೆ ಹೇಳಲಿಕ್ಕಿಲ್ಲ. ಮುರೆಲ್ ಅಂತಲೂ ಕರೆಯುತ್ತಾರೆ. ಹಾವಿನಂಥ ತಲೆ, ಮೇಲೆ ಬಂದು ಗಾಳಿ ಕುಡಿಯುವ ಮೀನು. ನೀರು ಬತ್ತಿದರೆ ಕೆಸರಲ್ಲೂ ಜೀವ ಹಿಡಿದುಕೊಳ್ಳುತ್ತದೆ. ಕಪ್ಪೆ, ಮೀನು, ಏಡಿ, ಏನು ಸಿಕ್ಕರೂ ಬಿಡುವುದಿಲ್ಲ.

ನಾನು ಚಿಕ್ಕವನಿದ್ದಾಗ, ನಾಟಿ ಮುಗಿದ ಮೇಲಿನ ಒಂದು ಬೆಳಿಗ್ಗೆ, ಅಜ್ಜನ ಹಿಂದೆ ಗದ್ದೆ ಬದುವಿನ ಮೇಲೆ ಹೋಗಿದ್ದೆ. ಗದ್ದೆಗೆ ನೀರು ಬಿಡುವ ಸಣ್ಣ ಕೆರೆಯ ಅಂಚಿನಲ್ಲಿ ಅಜ್ಜ ನಿಂತು ಬೆರಳು ತೋರಿಸಿದರು. ನೀರಿನ ಮೇಲೆ ಒಂದು ಮೊರದಗಲ ಕೆಂಪಗೆ ಕುದಿಯುತ್ತಿತ್ತು. ಕ್ಷಣ ಬಿಟ್ಟು ಅದು ಮುಳುಗಿತು, ಸ್ವಲ್ಪ ದೂರದಲ್ಲಿ ಮತ್ತೆ ಎದ್ದಿತು. ಕೊರವದ ಮರಿಗಳು. ನೂರಾರು ಇದ್ದವು, ಒಂದನ್ನೊಂದು ಬಿಟ್ಟು ಹೋಗದೆ ಒಟ್ಟಿಗೇ ಎದ್ದು ಒಟ್ಟಿಗೇ ಇಳಿಯುತ್ತಿದ್ದವು. ಕೆಳಗೆ ಸ್ವಲ್ಪ ಆಳದಲ್ಲಿ ಕಪ್ಪಗೆ ಉದ್ದಕ್ಕೆ ಒಂದು ನೆರಳು. ನಾನು ಕಡ್ಡಿ ಚಾಚಿದೆ. ನೆರಳು ನೇರ ಕಡ್ಡಿಯ ಮೇಲೆ ಬಂತು, ನೀರು ಸಿಡಿದು ಮುಖಕ್ಕೆ ಹಾರಿತು. ಅಜ್ಜ ಕಡ್ಡಿ ಕಿತ್ತುಕೊಂಡು ಹೇಳಿದರು, "ಮರಿ ಕಟ್ಟಿಕೊಂಡಿರೋ ಮೀನಿಗೆ ಏನು ತೋರಿಸಿದ್ರೂ ಕಚ್ಚುತ್ತೆ ಮಗಾ. ಅದಕ್ಕೇ ಈಗ ಹಿಡೀಬಾರದು. ಇದನ್ನ ಹಿಡಿದ್ರೆ ಅಷ್ಟೂ ಮರಿ ಬೇರೆ ಮೀನಿನ ಪಾಲು." ನಮ್ಮ ಕಡೆ ಎಲ್ಲರೂ ಹೀಗೆ ಬಿಡುವುದಿಲ್ಲ. ಮರಿಯ ಗುಂಪಿನ ಪಕ್ಕ ಗಾಳ ಎಸೆದರೆ ತಾಯಿಯೋ ತಂದೆಯೋ ಖಂಡಿತ ಸಿಗುತ್ತದೆ ಅಂತ ಗೊತ್ತಿರುವವರು ಅದನ್ನೇ ಕಾಯುತ್ತಾರೆ.

ಆ ಗುಂಪು ಏನು ತಿನ್ನುತ್ತಿತ್ತು ಅಂತ ಆಗ ನನಗೆ ಗೊತ್ತಿರಲಿಲ್ಲ. ಮೊದಲ ವಾರಗಳಲ್ಲಿ ಕೊರವದ ಮರಿ ತಿನ್ನುವುದು ನೀರಿನಲ್ಲಿ ತೇಲುವ, ಕಣ್ಣಿಗೆ ಸರಿಯಾಗಿ ಕಾಣದ ಜೀವಿಗಳನ್ನು. ಆಮೇಲೆ ನೀರು ಹುಳ, ಸೊಳ್ಳೆ ಮರಿ, ಸಣ್ಣ ಸಿಗಡಿ. ಮೀನು ಮತ್ತು ಕಪ್ಪೆ ಬರುವುದು ಇದೆಲ್ಲ ಆದ ಮೇಲೆ. ಆಸ್ಕರ್ ಕೂಡ ಹೀಗೇ. ಅದರ ಊರಿನ ಹೊಳೆಗಳಲ್ಲಿ ಬೆಳೆದ ಮೀನಿನ ಹೊಟ್ಟೆಯಲ್ಲೂ ಹುಳ, ಸಿಗಡಿ, ಬಸವನಹುಳು ಸಾಕಷ್ಟು ಇರುತ್ತವೆ. ಮೀನು ಅದರ ಊಟದಲ್ಲಿ ಒಂದು ಭಾಗ ಮಾತ್ರ. ಗುಣಕ್ಕೆ ತಕ್ಕ ಹಾಗೆ ತಿನ್ನಲಿ ಅನ್ನುವವರು ಈ ಹುಳದ ಪಟ್ಟಿಯನ್ನು ಮರೆತುಬಿಡುತ್ತಾರೆ. ಹುಳ ತಿನ್ನುವುದು ನೋಡಲು ಅಷ್ಟು ರೋಚಕ ಅಲ್ಲವಲ್ಲ.

ಹುಳದಿಂದ ಕಾಳಿಗೆ

ಮರಿ ಒಂದಿಂಚಿನ ಹತ್ತಿರ ಬಂದಾಗ ನಿಜವಾದ ಕೆಲಸ ಶುರುವಾಗುತ್ತದೆ. ಈ ಹೊತ್ತಿಗೆ ಗುಂಪಿನಲ್ಲಿ ಕೆಲವು ಮುಂದೆ ಓಡಿರುತ್ತವೆ. ಒಂದೇ ದಿನ ಹುಟ್ಟಿದ ಮರಿಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಕಾಣುತ್ತದೆ. ಬಾಯಿಗೆ ಹಿಡಿಸಿದರೆ ತಮ್ಮನೂ ಊಟವೇ. ದೊಡ್ಡವನ್ನು ಬೇರೆ, ಸಣ್ಣವನ್ನು ಬೇರೆ ಮಾಡುತ್ತಲೇ ಇರಬೇಕು. ಸುಮ್ನೆ ಬಿಟ್ಟರೆ ಕೆಲವೇ ವಾರದಲ್ಲಿ ಕೆಲವೇ ಉಳಿಯುತ್ತವೆ. ಉಳಿದವು ಬಲವಾಗಿ ಕಾಣುತ್ತವೆ ಅಂತ ಅದನ್ನೇ ಒಳ್ಳೆಯದು ಅನ್ನುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೊಳೆಯಲ್ಲಾದರೆ ಸಣ್ಣದಕ್ಕೆ ಓಡಿಹೋಗಲು ಜಾಗ ಇದೆ. ಎರಡಡಿ ಟ್ಯಾಂಕ್‌ನಲ್ಲಿ ಎಲ್ಲಿಗೆ ಹೋಗಬೇಕು?

ಜೀವ ಇರುವ ಊಟದಿಂದ ಪೆಲೆಟ್‌ಗೆ ತರುವುದಕ್ಕೆ ನನ್ನ ಕ್ರಮ ಇದು. ಮೊದಲು ಎರೆಹುಳುವನ್ನು ತೊಳೆದು, ಸಣ್ಣಗೆ ಕತ್ತರಿಸಿ ಹಾಕುವುದು. ಚೂರು ಮರಿಯ ಕಣ್ಣಿನ ಅಳತೆಗಿಂತ ದೊಡ್ಡದಿರಬಾರದು. ಅದು ಅಲುಗಾಡುವುದಿಲ್ಲ, ಆದರೆ ವಾಸನೆ ಇರುತ್ತದೆ. ಅಭ್ಯಾಸ ಆದ ಮೇಲೆ ಚಿಮಟದ ತುದಿಯಲ್ಲಿ ಸಿಗಡಿ ಚೂರು ಹಿಡಿದು ನೀರಿನಲ್ಲಿ ಸಣ್ಣಗೆ ಆಡಿಸುವುದು. ಚಿಮಟ ಬಂದರೆ ಊಟ ಬಂತು ಅಂತ ಗೊತ್ತಾದ ಮೇಲೆ, ಹುಳು ಹಿಂಡಿದ ನೀರಿನಲ್ಲಿ ನೆನೆಸಿದ ಪೆಲೆಟ್ ಅನ್ನು ಅದೇ ಚಿಮಟದಲ್ಲಿ ಕೊಡುವುದು. ಮೊದಲು ಬಾಯಿಗೆ ತೆಗೆದುಕೊಂಡು ಉಗುಳುತ್ತದೆ. ಮತ್ತೆ ತೆಗೆದುಕೊಳ್ಳುತ್ತದೆ, ಮತ್ತೆ ಉಗುಳುತ್ತದೆ. ಇಲ್ಲಿ ಸೋತು ಗಪ್ಪಿ ಹಾಕಿದರೆ ಮುಗಿಯಿತು, ಕಾದರೆ ಒಳ್ಳೆಯದು ಸಿಗುತ್ತದೆ ಅಂತ ಮೀನಿಗೆ ಗೊತ್ತಾಗುತ್ತದೆ. ಒಂದು ಹೊತ್ತು ಉಪವಾಸ ಇದ್ದರೆ ಈ ವಯಸ್ಸಿನ ಆರೋಗ್ಯವಂತ ಮರಿಗೆ ಏನೂ ಆಗುವುದಿಲ್ಲ. ನಮ್ಮ ಮನಸ್ಸಿಗೆ ಮಾತ್ರ ಕಷ್ಟ.

ಎರೆಹುಳು ತೋಟದಲ್ಲಿ ಬೇಕಾದಷ್ಟು ಸಿಗುತ್ತದೆ ಅಂತ ಅಗೆದು ಹಾಕುವವರಿಗೆ ಒಂದು ಮಾತು. ಮಳೆಗೆ ಮುಂಚೆ ನಾವೆಲ್ಲ ಕಾಫಿಗೂ ಕರಿಮೆಣಸಿಗೂ ಬೋರ್ಡೋ ಅನ್ನುವ ಔಷಧಿ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೊಳೆರೋಗಕ್ಕೆ ಅದು ಬೇಕೇ ಬೇಕು, ನಾನೂ ಹೊಡೆಸುತ್ತೇನೆ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ನಮ್ಮ ಹೊಳೆ ಬಾವಿಗಳ ಹಾಗೆ ಸುಣ್ಣದಂಶ ಕಡಿಮೆ ಇರುವ ಮೆದು ನೀರಿನಲ್ಲಿ ಇನ್ನೂ ಜಾಸ್ತಿ ವಿಷ. ವರ್ಷ ವರ್ಷ ಹೊಡೆದ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ. ಹಾಗಾಗಿ ಮೆಣಸಿನ ಬಳ್ಳಿಯ ಬುಡದ ಹುಳು ಬೇಡ. ಹಿತ್ತಲಲ್ಲಿ ಸಗಣಿ, ಒಣಗಿದ ಎಲೆ ಹಾಕಿ ಒಂದು ತೊಟ್ಟಿಯಲ್ಲಿ ಹುಳು ಬೆಳೆಸಿಕೊಂಡರೆ ವರ್ಷವಿಡೀ ಸಾಕಾಗುತ್ತದೆ. ಬೋರ್ಡೋ ಕಲಸಿದ ಡ್ರಮ್ಮನ್ನು ಎಷ್ಟೇ ತೊಳೆದರೂ ಟ್ಯಾಂಕಿನ ನೀರಿಗೆ ಬಳಸಬೇಡಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನಡೆಯುವ ತಿಂಗಳುಗಳಲ್ಲಿ ತೋಡಿನಿಂದ ಸೊಳ್ಳೆ ಮರಿ, ನೀರು ಹುಳ ಹಿಡಿದು ತರುವುದೂ ಬೇಡ. ಎಲ್ಲೋ ಮೇಲಿನ ತೋಟದ ಪಲ್ಪರ್ ನೀರು ಸೇರಿರುತ್ತದೆ. ಇನ್ನು ಗೊದಮೊಟ್ಟೆ. ಮಕ್ಕಳು ಬಾಟಲಿಯಲ್ಲಿ ಹಿಡಿದು ತಂದು "ಇದನ್ನ ಹಾಕೋಣ" ಅನ್ನುತ್ತಾರೆ. ನೆಲಗಪ್ಪೆಯ ಮರಿಯಲ್ಲಿ ವಿಷ ಇರುತ್ತದೆ. ಉಳಿದವು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಕಪ್ಪೆಯ ಮರಿಗಳಾಗಿರಬಹುದು. ಅಮೆಜಾನಿನ ಮೀನಿಗೆ ಅದನ್ನು ಊಟ ಮಾಡುವ ಅಗತ್ಯವೇ ಇಲ್ಲ.

ಕೈಲ್‌ಪೊಳ್ದ್‌ನ ದಿನ

ಸೆಪ್ಟೆಂಬರ್‌ನ ಕೈಲ್‌ಪೊಳ್ದ್‌ಗೆ, ಅಂದರೆ ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ, ಮನೆ ತುಂಬಾ ಜನ. ಬಂದೂಕಿಗೆ ಪೂಜೆ ಆಗಿ, ಕಡಂಬಿಟ್ಟು ಪಂದಿಕರಿ ಊಟ ಆಗಿ, ಗಂಡಸರು ತೆಂಗಿನಕಾಯಿಗೆ ಗುಂಡು ಹೊಡೆಯಲು ಹೊರಡುವ ಮುಂಚಿನ ಹೊತ್ತು. ಎಲ್ಲರೂ ಟ್ಯಾಂಕ್ ಮುಂದೆ ಸೇರಿದರು. ಮೀನುಗಳು ಆಗ ಮೂರಿಂಚು ದಾಟಿದ್ದವು. ಕಪ್ಪು ಮೈ ಮೇಲೆ ಕಿತ್ತಳೆ ಗೆರೆಗಳು ಮೂಡಿ, ಬಾಲದ ಬುಡದಲ್ಲಿ ಕಣ್ಣಿನ ಹಾಗೆ ಕಾಣುವ ಮಚ್ಚೆ ಕಾಣತೊಡಗಿತ್ತು. ಚಿಕ್ಕಪ್ಪನ ಮಗ ಮೊದಲೇ ತಯಾರಾಗಿ ಬಂದಿದ್ದ. ಕವರ್ ತುಂಬಾ ಗಪ್ಪಿ. "ಅಣ್ಣಾ, ಇವತ್ತು ಹಬ್ಬ. ಇವತ್ತಾದ್ರೂ ಹಾಕು." ಅಷ್ಟರಲ್ಲಿ ಒಬ್ಬ ಹುಡುಗ ಊಟದ ತಟ್ಟೆಯಿಂದ ಹಂದಿ ಮಾಂಸದ ಚೂರು ತಂದು ಎತ್ತಿ ಹಿಡಿದಿದ್ದ. ಫೋನುಗಳು ಮೇಲೆದ್ದವು.

ನಾನು ಬೇಡ ಅಂದೆ. ಹಂದಿಯದ್ದೋ ದನದ್ದೋ ಕೊಬ್ಬು ನಮ್ಮ ಮೈಯ ಬಿಸಿಗೆ ಕರಗುತ್ತದೆ, ತಣ್ಣೀರಲ್ಲಿರುವ ಮೀನಿನ ಹೊಟ್ಟೆಯಲ್ಲಿ ಕರಗುವುದಿಲ್ಲ, ಒಳಗೇ ಸೇರಿಕೊಂಡು ಈಲಿ ಕೆಡುತ್ತದೆ ಅಂತ ಹುಡುಗನಿಗೆ ಹೇಳಿದೆ. ಗಪ್ಪಿಯ ವಿಷಯ ಹೇಳುವುದು ಇನ್ನೂ ಕಷ್ಟ. ಅಂಗಡಿಯ ಒತ್ತೊತ್ತಾದ ತೊಟ್ಟಿಯಲ್ಲಿ ಬೆಳೆದ ಅಗ್ಗದ ಮೀನು ಹೊಟ್ಟೆ ಹುಳ, ಬಿಳಿ ಚುಕ್ಕೆ ರೋಗ ಎಲ್ಲವನ್ನೂ ಹೊತ್ತು ತರುತ್ತದೆ. ಕೆಲವರು ಇದಕ್ಕಿಂತ ಅಗ್ಗ ಅಂತ ಗೋಲ್ಡ್‌ಫಿಶ್ ಮರಿ ಹಾಕುತ್ತಾರೆ. ಅದರ ಮಾಂಸದಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ, ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಅದನ್ನೇ ತಿಂದು ಬೆಳೆದ ಬೇಟೆ ಮೀನು ಹೊಟ್ಟೆ ತುಂಬಿದ್ದರೂ ಒಳಗೆ ಸೊರಗುತ್ತದೆ, ತೋಲ ತಪ್ಪಿ ಈಜುತ್ತದೆ. ಇದನ್ನೆಲ್ಲ ಹಬ್ಬದ ದಿನ ಯಾರು ಕೇಳುತ್ತಾರೆ? "ಸಿಂಹಕ್ಕೆ ಹುಲ್ಲು ಹಾಕ್ತಾನೆ" ಅಂತ ಹಿಂದಿನಿಂದ ಯಾರೋ ಅಂದರು.

ಆಗ ಮಾತಾಡಿದ್ದು ದೊಡ್ಡಪ್ಪ. ಅವರು ಹರೆಯದಲ್ಲಿ ಕಾವೇರಿಯಲ್ಲಿ ವಾಲ್ನೂರು ಕಡೆ ಗಾಳ ಹಾಕುತ್ತಿದ್ದವರು. ಕುರ್ಚಿಯಿಂದ ಏಳದೆಯೇ ಹೇಳಿದರು, "ನಾವು ಮಹಶೀರ್ ಮೀನಿಗೆ ಏನು ಹಾಕ್ತಿದ್ವಿ ಗೊತ್ತಾ? ರಾಗಿ ಹಿಟ್ಟು ಬೇಯಿಸಿ ಉಂಡೆ ಮಾಡಿ ಗಾಳಕ್ಕೆ ಮೆತ್ತುತ್ತಿದ್ವಿ. ಆಳೆತ್ತರದ ಮೀನು ಬಂದು ಆ ರಾಗಿ ಉಂಡೆ ನುಂಗ್ತಿತ್ತು. ಅದೇನು ಹೊಳೇಲಿ ಬೇಟೆ ಆಡಲ್ವಾ? ಅದಕ್ಕೆ ರಾಗಿ ಆದ್ರೆ ಇದಕ್ಕೆ ಕಾಳು ಯಾಕೆ ಆಗಬಾರದು?" ಮಾತು ಅಲ್ಲಿಗೆ ನಿಂತಿತು. ನಾನು ಚಿಮಟ ತಂದು, ಆ ಹಂದಿ ಮಾಂಸದ ಹುಡುಗನ ಕೈಗೆ ಕೊಟ್ಟು, ತುದಿಗೆ ಎರೆಹುಳುವಿನ ಚೂರು ಸಿಕ್ಕಿಸಿದೆ. ಮೀನು ನೀರಿನಿಂದ ಅರ್ಧ ತಲೆ ಎತ್ತಿ ತೆಗೆದುಕೊಂಡಿತು. ಹುಡುಗ ಕೈ ಎಡಕ್ಕೆ ತಂದರೆ ಅದೂ ಎಡಕ್ಕೆ, ಬಲಕ್ಕೆ ತಂದರೆ ಬಲಕ್ಕೆ. ಗುಂಡು ಹೊಡೆಯುವುದನ್ನು ನೋಡಲು ಎಲ್ಲರೂ ಹೋದ ಮೇಲೂ ಅವನು ಹೋಗಲಿಲ್ಲ. "ಮಾಮಾ, ಇದು ನನ್ನ ನೋಡ್ತಾ ಇದೆ" ಅಂತ ಅಲ್ಲೇ ಕೂತಿದ್ದ.

ಗಪ್ಪಿಗಳನ್ನು ಬೇರೆ ಬಕೆಟ್‌ನಲ್ಲಿ ಬಿಟ್ಟಿದ್ದೆ. ಅದೇ ವಾರ ಅವುಗಳ ಬಾಲದ ಮೇಲೆ ಬಿಳಿ ಚುಕ್ಕೆ ಎದ್ದಿತು.

ಕರೆಂಟ್ ಇಲ್ಲದ ದಿನಗಳು

ಜುಲೈನಲ್ಲಿ ಕರೆಂಟ್ ಹೋದರೆ ಎಂದು ಬರುತ್ತದೆ ಅಂತ ಯಾರೂ ಹೇಳಲಾರರು. ಸಿಲ್ವರ್ ಓಕ್ ಮರ ಬಿದ್ದು ತಂತಿ ಹರಿದಿರುತ್ತದೆ, ಅದನ್ನು ತೆಗೆಯುವಷ್ಟರಲ್ಲಿ ಇನ್ನೊಂದು ಕಡೆ ಬಿದ್ದಿರುತ್ತದೆ. ಹೀಟರ್ ಇಲ್ಲದೆ ನಮ್ಮ ಟ್ಯಾಂಕಿನ ನೀರು 20 ಡಿಗ್ರಿಗೆ ಇಳಿಯುತ್ತದೆ. ಆಸ್ಕರ್‌ಗೆ ಬೇಕಾದದ್ದು 25, 26. ಫಿಲ್ಟರ್ ನಿಂತರೆ ಇನ್ನೂ ಕಷ್ಟ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಫಿಲ್ಟರ್ ಒಳಗೆ ಇರುತ್ತದೆ. ಅದಕ್ಕೂ ಗಾಳಿ ಬೇಕು. ಮುಚ್ಚಿದ ಫಿಲ್ಟರ್‌ನಲ್ಲಿ ನೀರು ಹರಿಯದೆ ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಸಾಯತೊಡಗುತ್ತದೆ. ನಮ್ಮ ಮೆದು ನೀರಿನ ತೊಂದರೆ ಬೇರೆ ಇದೆ. ಈ ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ನೀರಿನಲ್ಲಿರುವ ಸ್ವಲ್ಪ ಸುಣ್ಣದಂಶವೂ ಖರ್ಚಾಗಿ ನೀರು ಹುಳಿಯಾಗುತ್ತಾ ಹೋಗುತ್ತದೆ. ಜಾಸ್ತಿ ಹುಳಿಯಾದರೆ ಬ್ಯಾಕ್ಟೀರಿಯಾ ಕೆಲಸವನ್ನೇ ನಿಲ್ಲಿಸುತ್ತದೆ. ಅದಕ್ಕೆ ನಾನು ಫಿಲ್ಟರ್ ಒಳಗೆ ಒಂದು ಬಟ್ಟೆ ಚೀಲದಲ್ಲಿ ಸಮುದ್ರದ ಚಿಪ್ಪಿನ ಪುಡಿ ಇಟ್ಟಿರುತ್ತೇನೆ.

ಇಂಥ ದಿನಗಳಲ್ಲಿ ಮಾಡಬೇಕಾದ ಮುಖ್ಯ ಕೆಲಸ ಒಂದೇ, ಊಟ ನಿಲ್ಲಿಸುವುದು. ಮೀನು ಗಾಜಿಗೆ ಬರುತ್ತದೆ, ಬೇಡುತ್ತದೆ. ಚಳಿ ನೀರಿನಲ್ಲಿ ಅದರ ಹೊಟ್ಟೆ ನಿಧಾನವಾಗಿರುತ್ತದೆ. ಹಾಕಿದ್ದು ಜೀರ್ಣವಾಗದೆ ಒಳಗೇ ಕೆಡುತ್ತದೆ, ಹೊರಬಂದದ್ದನ್ನು ಸರಿಮಾಡಲು ಫಿಲ್ಟರ್ ಇಲ್ಲ. ಅದೇ ನಾಲ್ಕಿಂಚಿನ ಮರಿ ಊಟ ಇಲ್ಲದೆ ಹಲವು ದಿನ ಆರಾಮಾಗಿ ಇರಬಲ್ಲದು. ಬ್ಯಾಟರಿ ಏರ್ ಪಂಪ್‌ಗೆ ಸ್ಪಂಜ್ ಫಿಲ್ಟರ್ ಸಿಕ್ಕಿಸಿ, ಟ್ಯಾಂಕಿಗೆ ಹಳೇ ಕಂಬಳಿ ಹೊದಿಸಿದರೆ ಆಯಿತು. ಕಂಬಳಿಯಿಂದ ಇನ್ನೊಂದು ಉಪಕಾರ ಇದೆ. ನಾವು ಅದಕ್ಕೆ ಕಾಣುವುದಿಲ್ಲ, ಅದು ನಮಗೆ ಕಾಣುವುದಿಲ್ಲ. ಕೈ ತಾನಾಗಿ ಡಬ್ಬಿಯ ಕಡೆ ಹೋಗುವುದಿಲ್ಲ. ಕರೆಂಟ್ ಬಂದ ಮೇಲೂ ನೀರು ಬಿಸಿಯಾಗಿ, ಅರ್ಧ ನೀರು ಬದಲಾಗಿ, ಒಂದು ದಿನ ಕಳೆದ ಮೇಲೆಯೇ ಮೊದಲ ತುತ್ತು.

ದೊಡ್ಡದಾದ ಮೇಲೆ

ಚೆನ್ನಾಗಿ ತಿಂದ ಆಸ್ಕರ್ ಮರಿ ಮೊದಲ ಆರೇಳು ತಿಂಗಳು ತಿಂಗಳಿಗೆ ಹೆಚ್ಚುಕಡಿಮೆ ಒಂದಿಂಚು ಬೆಳೆಯುತ್ತದೆ. ಮರಿ ಕೊಳ್ಳುವಾಗ ಅಂಗಡಿಯವರು ಇದನ್ನು ಹೇಳುವುದು ಕಡಿಮೆ, ಕೇಳುವವರು ಇನ್ನೂ ಕಡಿಮೆ. ಎರಡಡಿ ಟ್ಯಾಂಕ್‌ನಲ್ಲಿ ಒಂದಡಿಯ ಮೀನು ತಿರುಗಲಾರದೆ ನಿಂತಾಗ ಮನೆಯವರಿಗೆ ಕನಿಕರ ಬರುತ್ತದೆ, ಹೊಳೆಗೆ ಬಿಟ್ಟುಬರೋಣ ಅನ್ನಿಸುತ್ತದೆ. ದಯವಿಟ್ಟು ಬಿಡಬೇಡಿ. ನಾವಿರುವುದು ಹೊಳೆಗಳು ಹುಟ್ಟುವ ಊರಿನಲ್ಲಿ. ಲಕ್ಷ್ಮಣತೀರ್ಥಕ್ಕೆ ಬಿಟ್ಟದ್ದು ಕಾವೇರಿ ಸೇರುತ್ತದೆ, ಬರಪೊಳೆಗೆ ಬಿಟ್ಟದ್ದು ಕೇರಳಕ್ಕೆ ಇಳಿಯುತ್ತದೆ. ಒಂದು ತಾಲೂಕಿನ ಮನೆಗಳಿಂದ ಎರಡು ಸಮುದ್ರದ ಕಡೆಗೆ ದಾರಿ ಇದೆ. ದೊಡ್ಡಪ್ಪ ರಾಗಿ ಉಂಡೆ ಹಾಕಿದ ಹೊಳೆಯಲ್ಲಿ ಕಾವೇರಿಗೇ ಸೇರಿದ ಗೂನುಬೆನ್ನಿನ ಮಹಶೀರ್ ಇತ್ತು. 2018ರಲ್ಲಿ ಅದನ್ನು ಟಾರ್ ರೇಮಾದೇವಿ ಅನ್ನುವ ಜಾತಿ ಅಂತ ಗುರುತಿಸಿದರು, ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಿದರು. ಅದೇ 2018ರ ಆಗಸ್ಟ್ ಮಳೆಯಲ್ಲಿ ಇಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿಯುತ್ತಿದ್ದಾಗ, ಕೆಳಗೆ ಕೇರಳದಲ್ಲಿ ಜನ ಸಾಕಿದ್ದ ಅರಾಪೈಮಾ, ಅಲಿಗೇಟರ್ ಗಾರ್ ಅನ್ನುವ ಹೊರದೇಶದ ದೊಡ್ಡ ಬೇಟೆ ಮೀನುಗಳು ನೆರೆ ನೀರಿನಲ್ಲಿ ಹೊಳೆಗೆ ಸೇರಿ ಬಲೆಗೆ ಸಿಕ್ಕವು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ದೇಶದಲ್ಲಿ 2000ದಲ್ಲೇ ನಿಷೇಧಿಸಿದ್ದರೂ ಅದು ಇವತ್ತಿಗೂ ನಮ್ಮ ಕೆರೆಗಳಲ್ಲಿದೆ. ಒಮ್ಮೆ ಸೇರಿದ್ದನ್ನು ಹೊರಗೆ ತೆಗೆಯುವವರು ಯಾರೂ ಇಲ್ಲ. ಹೊಳೆ ಪಕ್ಕದ ಮನೆಯವರು, ಅಂಗಳದ ತೊಟ್ಟಿಯಲ್ಲಿ ಇಂಥ ಮೀನು ಇಟ್ಟುಕೊಂಡಿದ್ದರೆ, ಮೇ ತಿಂಗಳಲ್ಲೇ ಒಳಗೆ ತಂದುಬಿಡಿ.

ನಾನು ಮರಿಗಳನ್ನು ಕೊಟ್ಟಿದ್ದು ನಾಲ್ಕಡಿ ಟ್ಯಾಂಕ್ ತೋರಿಸಿದವರಿಗೆ ಮಾತ್ರ. ಕೊಡುವಾಗ ಒಂದು ಹಿಡಿ ಪೆಲೆಟ್, ಒಂದು ಚಿಮಟ ಜೊತೆಗೆ ಕೊಟ್ಟೆ. ದೊಡ್ಡದಾಗಿ ಸಾಕಲಾಗದಿದ್ದರೆ ನನಗೇ ವಾಪಸ್ ಕೊಡಿ ಅಂತಲೂ ಹೇಳಿದ್ದೇನೆ. ಹಬ್ಬದ ದಿನ ಚಿಮಟ ಹಿಡಿದಿದ್ದ ಆ ಹುಡುಗನ ಅಪ್ಪನೂ ಕೇಳಿದ್ದಾರೆ, ಟ್ಯಾಂಕ್ ಬಂದ ಮೇಲೆ ಕೊಡುತ್ತೇನೆ. ಉಳಿಸಿಕೊಂಡಿರುವ ಎರಡಕ್ಕೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್ ಬೇಕು. ನೀರೇ 680 ಕೆಜಿ ಆಗುತ್ತದೆ, ಹಳೇ ಮನೆಯ ಮರದ ಅಟ್ಟದ ಮೇಲೆ ಇಡುವ ಮಾತೇ ಇಲ್ಲ. ಗಟ್ಟಿ ನೆಲ ಇರುವುದು ಕಾಫಿ ಮೂಟೆ ಇಡುವ ಕೋಣೆಯಲ್ಲಿ. "ಮಾರ್ಚ್‌ನಲ್ಲಿ ಕಾಫಿ ಕೊಟ್ಟಾದ ಮೇಲೆ ಆ ಮೂಲೆ ನಿನ್ನದು, ಅಲ್ಲಿವರೆಗೂ ಒಂದು ಮೂಟೆ ಅಲುಗಾಡಿಸಬೇಡ" ಅಂತ ಅಮ್ಮ ಹೇಳಿದ್ದಾರೆ. ಹಾಗಾಗಿ ಸದ್ಯಕ್ಕೆ ದಿನಕ್ಕೆ ಒಂದೇ ಹೊತ್ತು ಊಟ, ಭಾನುವಾರ ಅದೂ ಇಲ್ಲ, ವಾರಕ್ಕೆ ಎರಡು ಸಲ ಅರ್ಧ ನೀರು ಬದಲು.